ಮೊದಲು ನಕಲು, ಆಮೇಲೆ ಚಿಕಿತ್ಸೆ

ಕನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬನು ಕಂಪ್ಯೂಟರಿನ ಕಾಯಿಲೆಯನ್ನು ಕುರಿತು ಮಾತನಾಡಲು ಹೊರಟರೆ ನಿಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಅದು ಸಹಜವೇ. ಆದರೆ ಇಂದು ದಾವಣಗೆರೆಯಂಥ ಊರಿನಲ್ಲಿ ಬರೆಯುವ ಅಭ್ಯಾಸವುಳ್ಳವರ ಮನೆಗಳಲ್ಲಿ ಕಾಗದದ ಕಟ್ಟುಗಳಲ್ಲಿರುವುದಕ್ಕಿಂತ ಹೆಚ್ಚಿನ ಬರಹ ಕಂಪ್ಯೂಟರಿನ ಹೊಟ್ಟೆಯಲ್ಲಿದೆ. ಮಕ್ಕಳ ಮದುವೆಯ ಚಿತ್ರಗಳು, ಜಮೀನಿನ ಪತ್ರಗಳ ಪ್ರತಿಗಳು, ಅಚ್ಚಾಗದ ಕವಿತೆಗಳು, ಅರ್ಧಕ್ಕೆ ನಿಂತ ಪ್ರಬಂಧ, ತೀರಿಹೋದ ಹಿರಿಯರ ಧ್ವನಿ, ಇವೆಲ್ಲವೂ ಅಂಗೈಯಗಲದ ಒಂದು ಲೋಹದ ಪೆಟ್ಟಿಗೆಯಲ್ಲಿ ಅಡಗಿ ಕುಳಿತಿವೆ. ಹಾರ್ಡ್ ಡಿಸ್ಕ್ ಎಂಬುದು ಅದರ ಹೆಸರು. ಆ ಪೆಟ್ಟಿಗೆ ಕೆಡತೊಡಗಿದಾಗ ಮನೆಯವರು ಮೊದಲು ಏನು ಮಾಡಬೇಕು, ಏನು ಮಾಡಬಾರದು ಎಂಬುದೇ ಇಂದಿನ ನನ್ನ ಮಾತಿನ ವಿಷಯ. ಗ್ರಂಥಸಂಪಾದನೆಯನ್ನು ಬೋಧಿಸಿದವನಿಗೆ ಈ ಪ್ರಶ್ನೆ ತೀರ ಹೊಸದಲ್ಲ. ಏಕೆಂಬುದು ಮುಂದೆ ತಿಳಿದೀತು.

ಮೊದಲು ಈ ಯಂತ್ರದ ಪರಿಚಯವನ್ನು ಮಾಡಿಕೊಳ್ಳೋಣ. ಐ.ಬಿ.ಎಂ. ಸಂಸ್ಥೆಯವರು ಮೊಟ್ಟಮೊದಲ ಹಾರ್ಡ್ ಡಿಸ್ಕನ್ನು ಹೊರತಂದದ್ದು 1956ರಲ್ಲಿ. ಅದರಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ತೂಕ ಒಂದು ಟನ್ನಿಗೂ ಮಿಕ್ಕದ್ದು. ಹಿಡಿಸುತ್ತಿದ್ದುದು ಮಾತ್ರ ಸುಮಾರು 50 ಲಕ್ಷ ಅಕ್ಷರಗಳು. ಇಂದು ಜೇಬಿನಲ್ಲಿ ಇಟ್ಟುಕೊಳ್ಳಬಹುದಾದ ಡಿಸ್ಕು ಅದರ ಲಕ್ಷ ಪಟ್ಟಿಗಿಂತಲೂ ಹೆಚ್ಚು ಬರಹವನ್ನು ಹೊರುತ್ತದೆ. ಗಾತ್ರ ಕುಗ್ಗಿದರೂ ತತ್ತ್ವ ಬದಲಾಗಿಲ್ಲ. ಅಲ್ಯೂಮಿನಿಯಂ ಅಥವಾ ಗಾಜಿನ ನುಣುಪಾದ ತಟ್ಟೆ, ಅದರ ಮೇಲೆ ಕಾಂತಗುಣವುಳ್ಳ ತೆಳುವಾದ ಲೇಪ, ಆ ಲೇಪದಲ್ಲಿ ಗುರುತುಗಳನ್ನು ಬರೆಯುವ ಮತ್ತು ಓದುವ ಒಂದು ಸಣ್ಣ ತಲೆ. ಮನೆಯ ಕಂಪ್ಯೂಟರುಗಳಲ್ಲಿ ತಟ್ಟೆಯು ನಿಮಿಷಕ್ಕೆ ಸಾಮಾನ್ಯವಾಗಿ 5400 ಅಥವಾ 7200 ಸುತ್ತು ತಿರುಗುತ್ತದೆ. ಗ್ರಾಮಾಫೋನಿನ ಮುಳ್ಳು ತಟ್ಟೆಯನ್ನು ಮುಟ್ಟಿಯೇ ಹಾಡಬೇಕು. ಇಲ್ಲಿ ಮುಟ್ಟಿದರೆ ವಿನಾಶ. ತಲೆಗೂ ತಟ್ಟೆಗೂ ನಡುವೆ ಇರುವ ಅಂತರ, ಒಂದು ಕೂದಲೆಳೆಯ ದಪ್ಪವನ್ನು ಹತ್ತು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು. ಈ ಲೆಕ್ಕದಲ್ಲಿ ದೂಳಿನ ಒಂದು ಕಣವೇ ಬೆಟ್ಟ. ಆದುದರಿಂದ, ಒಳಗೇನಾಗಿದೆ ನೋಡೋಣವೆಂದು ಮನೆಯಲ್ಲಿ ಆ ಪೆಟ್ಟಿಗೆಯ ಮುಚ್ಚಳವನ್ನು ಬಿಚ್ಚುವ ಕುತೂಹಲ ಯಾರಿಗೂ ಬೇಡ.

ಕೆಡುವ ಡಿಸ್ಕು ಅನೇಕ ವೇಳೆ ಮುನ್ಸೂಚನೆ ಕೊಡುತ್ತದೆ. ಕಡತವೊಂದನ್ನು ತೆರೆಯಲು ಹಿಂದೆ ಕ್ಷಣ ಸಾಕಾಗುತ್ತಿದ್ದುದಕ್ಕೆ ಈಗ ನಿಮಿಷಗಳು ಹಿಡಿಯುತ್ತವೆ. ಪರದೆ ಇದ್ದಲ್ಲಿಯೇ ನಿಂತುಬಿಡುತ್ತದೆ. ನಿನ್ನೆ ಇದ್ದ ಕಡತ ಇಂದು ಕಾಣುವುದಿಲ್ಲ. ಕೊನೆಗೆ ಪೆಟ್ಟಿಗೆಯೊಳಗಿನಿಂದ ‘ಟಕ್ ಟಕ್’ ಎಂಬ ಸದ್ದು ಕೇಳಿಸುತ್ತದೆ. ಹರಿಹರ ಲೇತುಗಳನ್ನು ತಯಾರಿಸಿ ಹೆಸರು ಪಡೆದಿದ್ದ ಊರು. ಅಲ್ಲಿಯ ಹಳೆಯ ಕೆಲಸಗಾರರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ತಿರುಗುವ ಯಂತ್ರ ತನ್ನ ನೋವನ್ನು ಸದ್ದಿನಲ್ಲಿಯೇ ಹೇಳಿಕೊಳ್ಳುತ್ತದೆಂಬುದು ಅವರ ಕಿವಿಗೆ ಗೊತ್ತು. ಈ ಸದ್ದು ಕೇಳಿದೊಡನೆ ಕಂಪ್ಯೂಟರನ್ನು ಆರಿಸುವುದೊಂದೇ ಬುದ್ಧಿವಂತಿಕೆ. ತಲೆಯೇ ಜಖಂಗೊಂಡಿದ್ದರೆ, ಮತ್ತೆ ಮತ್ತೆ ಹಚ್ಚಿ ನೋಡಿದಷ್ಟೂ ಅದು ಲೇಪವನ್ನು ಕೆರೆಯುವ ಅಪಾಯವಿದೆ.

ಇನ್ನೊಂದು ಸಾಕ್ಷಿಯೂ ಉಂಟು. ಡಿಸ್ಕು ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಈ ಲೆಕ್ಕಕ್ಕೆ ‘ಸ್ಮಾರ್ಟ್’ ಎಂದು ಹೆಸರು. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಉಚಿತ ತಂತ್ರಾಂಶಗಳಿಂದ ಯಾರಾದರೂ ಅದನ್ನು ಓದಬಹುದು. ಆ ಪಟ್ಟಿಯಲ್ಲಿ 5ನೆಯ ಸಾಲು, ಕೆಟ್ಟದ್ದರಿಂದ ಕೈಬಿಟ್ಟು ಮೀಸಲು ಜಾಗಕ್ಕೆ ಬದಲಾಯಿಸಿದ ಅಂಕಣಗಳ ಸಂಖ್ಯೆಯನ್ನು ಹೇಳುತ್ತದೆ; 197ನೆಯದು, ಓದಲು ತೊಡಕಾಗಿ ತೀರ್ಮಾನ ಕಾಯುತ್ತಿರುವ ಅಂಕಣಗಳನ್ನು. ಇವು ಏರತೊಡಗಿದರೆ ಡಿಸ್ಕಿನ ಮೇಲೆ ಭರವಸೆ ಇಡಬಾರದು. ಇವು ಸೊನ್ನೆಯಾಗಿದ್ದು 199ನೆಯ ಸಾಲು ಮಾತ್ರ ಏರುತ್ತಿದ್ದರೆ ದೋಷ ಸಾಮಾನ್ಯವಾಗಿ ಡಿಸ್ಕಿನದಲ್ಲ, ಅದನ್ನು ಜೋಡಿಸುವ ಕೇಬಲಿನದು. ಹೊಸ ಕೇಬಲು ಹಾಕಿದರೆ ತೊಂದರೆ ನೀಗಬಹುದು. ಕರೆಂಟು ಹೋಗಿ ಬರುವ, ವೋಲ್ಟೇಜು ಏರಿಳಿಯುವ ನಮ್ಮ ಊರುಗಳಲ್ಲಿ ವಿದ್ಯುತ್ ಒದಗಿಸುವ ಭಾಗವೇ ದುರ್ಬಲಗೊಂಡು, ನಿರಪರಾಧಿಯಾದ ಡಿಸ್ಕಿನ ಮೇಲೆ ಅಪವಾದ ಬರುವುದೂ ಉಂಟು.

ಹಾಗೆಂದು ಆ ಪಟ್ಟಿಯನ್ನೇ ವೇದವಾಕ್ಯವೆಂದು ನಂಬುವಂತಿಲ್ಲ. ಗೂಗಲ್ ಸಂಸ್ಥೆಯ ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಪರಿಶೀಲಿಸಿ 2007ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಪರೀಕ್ಷೆಯಲ್ಲಿ ಮೊದಲ ಬಾರಿಗೆ ಓದುದೋಷ ತೋರಿದ ಡಿಸ್ಕು, ಅಂಥ ದೋಷವಿಲ್ಲದ ಡಿಸ್ಕಿಗಿಂತ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ 39 ಪಟ್ಟು ಹೆಚ್ಚು ಎಂದು ಅವರು ಕಂಡರು. ಅದೇ ವೇಳೆಗೆ, ಕೆಟ್ಟುಹೋದ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಈ ಪಟ್ಟಿಯ ನಾಲ್ಕು ಪ್ರಬಲ ಸೂಚನೆಗಳಲ್ಲಿ ಒಂದನ್ನೂ ತೋರದೆ ಸತ್ತಿದ್ದವು. ಎಂದರೆ, ಸೂಚನೆ ಬಂದರೆ ನಂಬಬೇಕು; ಬಾರದಿದ್ದರೆ ನಿಶ್ಚಿಂತರಾಗಬಾರದು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಹರಿಹರದಲ್ಲಿರುವ ನನ್ನ ಮಿತ್ರರೊಬ್ಬರು ನಿವೃತ್ತ ಪ್ರೌಢಶಾಲಾ ಶಿಕ್ಷಕರು. ತುಂಗಭದ್ರೆಯ ದಡದ ಹಳ್ಳಿಗಳಲ್ಲಿ ಹನ್ನೊಂದು ವರ್ಷ ತಿರುಗಿ, ಹೆಣ್ಣುಮಕ್ಕಳ ಬಾಯಿಂದ ಸೋಬಾನೆ, ಬೀಸುವ ಹಾಡು, ಜೋಕುಮಾರನ ಹಾಡುಗಳನ್ನು ಅವರು ಧ್ವನಿಮುದ್ರಿಸಿಕೊಂಡಿದ್ದರು. ಒಟ್ಟು 212 ಹಾಡುಗಳು. ಹಾಡಿದವರಲ್ಲಿ ಬಹುಮಂದಿ ಈಗಿಲ್ಲ. ಕಳೆದ ವರ್ಷ ಅವರ ಕಂಪ್ಯೂಟರು ನಿಧಾನವಾಗತೊಡಗಿತು. ಹಾಡುಗಳು ನಡುವೆ ತಡೆದು ನಿಲ್ಲತೊಡಗಿದವು. ಮೊದಲು ವಿಚಾರಿಸಿದ ಕಡೆ, “ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ” ಎಂದರಂತೆ. ಫಾರ್ಮ್ಯಾಟ್ ಎಂದರೆ ಹಲಗೆಯನ್ನು ಒರೆಸಿ ಹೊಸದಾಗಿ ಗೆರೆ ಎಳೆಯುವುದು. ಪುಣ್ಯವಶಾತ್ ಅವರು ಒಪ್ಪದೆ, ಡಿಸ್ಕನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ದಾವಣಗೆರೆಗೆ ಬಂದರು. ನಾವಿಬ್ಬರೂ ಇಲ್ಲಿಯ ಒಬ್ಬ ತರುಣ ರಿಪೇರಿಗಾರನ ಬಳಿಗೆ ಹೋದೆವು. ಅವನು ಕೆಲಹೊತ್ತು ಪರೀಕ್ಷಿಸಿ, “ಸರ್, ರಿಪೇರಿ ಮಾತು ಆಮೇಲೆ. ಇದ್ರಾಗೆ ಬೇರೆ ಎಲ್ಲೂ ಇಲ್ದೆ ಇರೋದು ಯಾವ್ದೈತಿ ಹೇಳ್ರಿ. ಅದನ್ನ ಮೊದ್ಲು ಈಚೆ ತೆಗೀತೀನಿ” ಎಂದ.

ಮಿತ್ರರು ಒಂದು ಕ್ಷಣ ಸುಮ್ಮನಿದ್ದರು. ಅದರಲ್ಲಿ ಮೊಮ್ಮಗಳ ನಾಮಕರಣದ ಚಿತ್ರಗಳಿದ್ದವು. ಅವು ನೆಂಟರ ಫೋನುಗಳಲ್ಲಿಯೂ ಇದ್ದವು. ಪಿಂಚಣಿಯ ಕಾಗದಗಳಿದ್ದವು, ಮೂಲ ಕಚೇರಿಯಲ್ಲಿತ್ತು. “ಹಾಡುಗಳಪ್ಪ” ಎಂದರು. ತರುಣನು ಆ ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಜೋಡಿಸಿ ಹಾಡುಗಳ ಕಡತಗಳನ್ನು ಮೊದಲು ಬೇರೊಂದು ಡಿಸ್ಕಿಗೆ ಇಳಿಸಿದ. ತಡೆದವುಗಳಿಗೆ ಹಠ ಹಿಡಿಯದೆ ಮುಂದಕ್ಕೆ ಹೋದ. ಬಳಿಕ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವನ್ನು ಹಚ್ಚಿದ. ಸಲೀಸಾಗಿ ಓದಬಹುದಾದ ಭಾಗವನ್ನೆಲ್ಲ ಮೊದಲು ನಕಲು ಮಾಡಿಕೊಂಡು, ಕೆಟ್ಟ ಭಾಗಗಳಿಗೆ ಕೊನೆಯಲ್ಲಿ ಹಿಂದಿರುಗುವುದು ಅದರ ಕ್ರಮ. ನಡುರಾತ್ರಿಯ ವೇಳೆಗೆ ಡಿಸ್ಕು ಟಕ್ ಟಕ್ ಎಂದಿತು, ನಿಂತಿತು, ಮತ್ತೆ ಏಳಲಿಲ್ಲ. ಅಷ್ಟರಲ್ಲಿ 205 ಹಾಡುಗಳು ದಕ್ಕಿದ್ದವು. ಹೋದ ಏಳರಲ್ಲಿ ಒಂದು, ಹಾಡಿದವಳೊಡನೆಯೇ ಮುಗಿದುಹೋದ ಒಂದು ಜೋಕುಮಾರನ ಹಾಡು. ಅದರ ಪಲ್ಲವಿ ಮಾತ್ರ ಮಿತ್ರರ ನೆನಪಿನಲ್ಲಿದೆ.

ಆ ತರುಣ ಕೇಳಿದ ಪ್ರಶ್ನೆಯೇ ಈ ವಿಷಯದ ತಿರುಳು. ‘ಯಂತ್ರಕ್ಕೆ ಏನಾಗಿದೆ’ ಎಂಬುದು ಎರಡನೆಯ ಪ್ರಶ್ನೆ. ‘ಬೇರೆಲ್ಲೂ ಇಲ್ಲದ್ದು ಇದರಲ್ಲಿ ಏನಿದೆ’ ಎಂಬುದು ಮೊದಲನೆಯದು. ಕಂಪ್ಯೂಟರು ‘ಫಾರ್ಮ್ಯಾಟ್ ಮಾಡಲೇ’ ಎಂದು ಕೇಳಿದರೆ ಬೇಡವೆನ್ನಬೇಕು. ‘ಚೆಕ್‌ಡಿಸ್ಕ್’ನಂಥ ದುರಸ್ತಿ ಕ್ರಮಗಳು ತಿದ್ದುವ ಭರದಲ್ಲಿ ಅದೇ ಡಿಸ್ಕಿನ ಮೇಲೆ ಬರೆಯುತ್ತವೆ, ನಕಲು ಕೈಸೇರುವವರೆಗೆ ಅವುಗಳನ್ನು ದೂರವಿಡಬೇಕು. ಡಿಸ್ಕನ್ನು ಫ್ರಿಜ್ಜಿನಲ್ಲಿಟ್ಟರೆ ಬದುಕೀತೆಂಬ ಮಾತು ಕೆಲವರ ಬಾಯಲ್ಲಿದೆ. ಅದರಿಂದ ಒಳಗೆ ನೀರು ಪಸೆಯಾಡುವುದಷ್ಟೇ ಲಾಭ. ಸದ್ದು ಮಾಡುವ ಡಿಸ್ಕಿನಲ್ಲಿ ಅಮೂಲ್ಯವಾದುದಿದ್ದರೆ, ದೂಳಿಲ್ಲದ ಕೋಣೆಯಲ್ಲಿ ಅದನ್ನು ಬಿಚ್ಚಬಲ್ಲ ಪರಿಣತರಿಗೇ ಒಪ್ಪಿಸಬೇಕು. ಖರ್ಚು ದೊಡ್ಡದು, ಫಲ ಖಚಿತವಲ್ಲ.

ಈ ವಿವೇಕ ನಮಗೆ ಹೊಸದೇನೂ ಅಲ್ಲ. ಹರಿಹರೇಶ್ವರ ದೇವಾಲಯವನ್ನು 1224ರಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು ಕಟ್ಟಿಸಿದನು. ಅಲ್ಲಿಯ ಶಾಸನಗಳನ್ನು ಬಿ.ಎಲ್. ರೈಸರು ತಮ್ಮ ಎಪಿಗ್ರಾಫಿಯ ಕರ್ನಾಟಿಕದ ಚಿತ್ರದುರ್ಗ ಜಿಲ್ಲೆಯ ಸಂಪುಟದಲ್ಲಿ ಪ್ರಕಟಿಸಿದರು. ಶಾಸನತಜ್ಞನು ಕಲ್ಲಿನ ಮುಂದೆ ನಿಂತು ಪಾಠದ ಚರ್ಚೆಗೆ ತೊಡಗುವುದಿಲ್ಲ. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಹಾಸಿ, ಕುಂಚದಿಂದ ಬಡಿದು, ಮಸಿ ಹಚ್ಚಿ ಪಡಿಯಚ್ಚನ್ನು ತೆಗೆದುಕೊಳ್ಳುತ್ತಾನೆ. ಊಹೆ, ತಿದ್ದುಪಡಿ, ವಾಗ್ವಾದ ಎಲ್ಲವೂ ಆ ಕಾಗದದ ಮೇಲೆ, ಕಲ್ಲಿನ ಮೇಲಲ್ಲ. ಕಾವ್ಯಗಳ ಮಾತೂ ಹಾಗೆಯೇ. ಹತ್ತನೆಯ ಶತಮಾನದ ಪಂಪನ ಕೈಯ ಓಲೆ ಒಂದೂ ನಮಗೆ ಉಳಿದಿಲ್ಲ. ನಾವು ಪಂಪನನ್ನು ಓದುತ್ತಿರುವುದು ಹೆಸರರಿಯದ ಲಿಪಿಕಾರರ ಪ್ರತಿಗಳ ಪ್ರತಿಗಳಿಂದ. ಹುಳು ತಿನ್ನುವ ಮೊದಲು ಇನ್ನೊಂದು ಓಲೆಗೆ ಇಳಿಸಿದವರಿಂದಲೇ ಕನ್ನಡ ಸಾಹಿತ್ಯ ಉಳಿದು ಬಂದಿತು.

ಕನ್ನಡಿಗರಿಗೆ ಇನ್ನೊಂದು ತೊಡಕುಂಟು. ಯೂನಿಕೋಡ್ ಬಳಕೆಗೆ ಬರುವ ಮೊದಲು ನಾವು ನುಡಿ, ಬರಹ, ಶ್ರೀಲಿಪಿ ಮುಂತಾದವುಗಳ ಹಳೆಯ ಫಾಂಟುಗಳಲ್ಲಿ ಬರೆದದ್ದು ಬಹಳ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಆ ಬರಹ ರೋಮನ್ ಅಕ್ಷರಗಳ ಅರ್ಥವಿಲ್ಲದ ರಾಶಿಯಾಗಿ ಕಾಣುತ್ತದೆ. ಕೆಟ್ಟ ಡಿಸ್ಕಿನಿಂದ ಕಡತಗಳನ್ನು ಹೆಕ್ಕಿ ತೆಗೆಯುವಾಗ ಎಷ್ಟೋ ಸಲ ಅವುಗಳ ಹೆಸರುಗಳು ಅಳಿದಿರುತ್ತವೆ. ಆಗ ಕನ್ನಡ ಪದವನ್ನು ಕೊಟ್ಟು ಹುಡುಕಿದರೂ ಅವು ಸಿಕ್ಕುವುದಿಲ್ಲ. ಕಸವೆಂದು ಎಸೆಯುವ ಸಂಭವವೇ ಹೆಚ್ಚು. ಡಿಸ್ಕು ಆರೋಗ್ಯವಾಗಿರುವಾಗಲೇ ಹಳೆಯ ಬರಹವನ್ನು ಯೂನಿಕೋಡಿಗೆ ಪರಿವರ್ತಿಸಿಡುವುದು ಕ್ಷೇಮ.

ಈಚಿನ ಎಷ್ಟೋ ಕಂಪ್ಯೂಟರುಗಳಲ್ಲಿ ತಿರುಗುವ ತಟ್ಟೆಯೇ ಇಲ್ಲ. ಎಸ್‌.ಎಸ್‌.ಡಿ. ಎಂಬ ಆ ಹೊಸ ಸಾಧನ ವೇಗದ್ದು, ಸದ್ದಿಲ್ಲದ್ದು. ಆದರೆ ಅದು ಸಾಯುವುದೂ ಸದ್ದಿಲ್ಲದೆಯೇ. ಟಕ್ ಟಕ್ ಎಂದು ಎಚ್ಚರಿಸುವ ಉಪಕಾರವನ್ನು ಅದು ಮಾಡುವುದಿಲ್ಲ. ಆದುದರಿಂದ ನಕಲು ಮೊದಲೇ ಇರಬೇಕು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬುದು ಈ ವಿದ್ಯೆಯವರು ಒಪ್ಪಿದ ಸೂತ್ರ. ದಾವಣಗೆರೆಯವರಿಗೂ ಹರಿಹರದವರಿಗೂ ಇದು ಕಷ್ಟವಲ್ಲ. ನಡುವಿನ ದಾರಿ ಅರ್ಧ ಗಂಟೆಯದು. ನಿಮ್ಮ ಪ್ರತಿ ನನ್ನ ಬೀರುವಿನಲ್ಲಿರಲಿ, ನನ್ನದು ನಿಮ್ಮಲ್ಲಿರಲಿ. ಸ್ನೇಹಕ್ಕೂ ಅದೊಂದು ನೆಪ.

ಆಯುಧಪೂಜೆಯ ದಿನ ನಮ್ಮ ಮನೆಗಳಲ್ಲಿ ಸ್ಕೂಟರಿನ ಪಕ್ಕದಲ್ಲಿ ಕಂಪ್ಯೂಟರಿಗೂ ಕುಂಕುಮ ಹಚ್ಚಿ ಹೂ ಇಡುವ ರೂಢಿ ಬಂದಿದೆ. ಒಳ್ಳೆಯ ರೂಢಿಯೇ. ಅದರೊಡನೆ ಇನ್ನೊಂದನ್ನು ಸೇರಿಸಿಕೊಳ್ಳಬಹುದು. ಅಂದು ಹೊಸ ನಕಲೊಂದನ್ನು ತೆಗೆದು, ಹಳೆಯ ನಕಲು ತೆರೆಯುತ್ತದೆಯೇ ಎಂದು ಒಂದೆರಡು ಕಡತಗಳನ್ನು ತೆರೆದು ನೋಡಬಹುದು. ತೆರೆದು ನೋಡದ ನಕಲಿನ ಮೇಲೆ ಭರವಸೆ ಇಡುವಂತಿಲ್ಲ. ಹೂ ಸಂಜೆಗೆ ಬಾಡುತ್ತದೆ, ನಕಲು ಉಳಿಯುತ್ತದೆ.