ಅಂಗಳದ ಮಳೆಗೊಂದು ಲೆಕ್ಕ

(ಮುಂದುವರಿಕೆ ಕಲಿಕಾ ಕೇಂದ್ರದ ಸಂಜೆ ತರಗತಿಯಲ್ಲಿ ಆಡಿದ ಮಾತು)



ಇವತ್ತು ಪಾಠಪುಸ್ತಕ ಮುಚ್ಚಿಡಿ. ಇವತ್ತು ನಾವು ಮಳೆಯ ಬಗ್ಗೆ ಮಾತಾಡುವ.

ಕಳೆದ ವಾರ ಇಲ್ಲಿ ಒಂದು ಸಣ್ಣ ಜಗಳ ಆಯ್ತು. ನೆನಪುಂಟಲ್ಲ? "2018ರ ಮಳೆಯಂಥ ಮಳೆ ನಾನು ಹುಟ್ಟಿದ ಮೇಲೆ ನೋಡಿಲ್ಲ" ಎಂದರು ನಮ್ಮ ಒಬ್ಬರು ಅಣ್ಣ. "ಆ ವರ್ಷ ನಮ್ಮಲ್ಲಿ ಅಂಥದ್ದೇನೂ ಇರಲಿಲ್ಲ. ನೀವು ನೋಡಿದ್ದು ಟಿವಿಯಲ್ಲಿ" ಎಂದರು ಒಬ್ಬರು ಅಕ್ಕ. ಇಬ್ಬರೂ ಬಿಡಲಿಲ್ಲ. ತರಗತಿ ಮುಗಿಯಿತು, ಜಗಳ ಮುಗಿಯಲಿಲ್ಲ.

ನಾನು ಮನೆಗೆ ಹೋಗಿ ಲೆಕ್ಕ ಹುಡುಕಿದೆ. 2018ರ ನೆರೆಯ ಬಗ್ಗೆ ಕೇಂದ್ರ ಜಲ ಆಯೋಗ ಒಂದು ವರದಿ ಮಾಡಿದೆ. ಅದರಲ್ಲಿ ಒಂದೊಂದು ಜಿಲ್ಲೆಯ ಮಳೆಯೂ ಉಂಟು. ಜೂನ್ 1ರಿಂದ ಆಗಸ್ಟ್ 22ರ ವರೆಗಿನ ಲೆಕ್ಕ ಅದು. ಇಡುಕ್ಕಿ ಜಿಲ್ಲೆಗೆ ಅಷ್ಟು ದಿನಗಳಲ್ಲಿ ವಾಡಿಕೆಯಂತೆ ಬರಬೇಕಾದ್ದು ಸುಮಾರು 1850 ಮಿಲಿಮೀಟರ್. ಬಂದದ್ದು 3555. ಹೆಚ್ಚುಕಡಿಮೆ ಎರಡು ಪಾಲು. ಇನ್ನು ನಮ್ಮ ಕಾಸರಗೋಡು. ಬರಬೇಕಾದ್ದು ಸುಮಾರು 2610. ಬಂದದ್ದು 2287. ಅಂದರೆ ಇಡೀ ಕೇರಳ ಮುಳುಗುತ್ತಿದ್ದ ವರ್ಷ ನಮ್ಮ ಜಿಲ್ಲೆಯಲ್ಲಿ ಮಳೆ ನೂರಕ್ಕೆ 12 ಪಾಲು ಕಡಿಮೆ! ಆಗಸ್ಟ್ ತಿಂಗಳ ನಡುವೆ ಬೇರೆ 13 ಜಿಲ್ಲೆಗಳಿಗೂ ಕೆಂಪು ಎಚ್ಚರಿಕೆ ಕೊಟ್ಟಾಗ ಹೊರಗುಳಿದದ್ದು ಕಾಸರಗೋಡು ಒಂದೇ.

ಹಾಗಾದರೆ ಅಕ್ಕ ಗೆದ್ದರು. ಆದರೆ ಅಣ್ಣ ಸುಳ್ಳು ಹೇಳಿದರು ಎಂದು ನಾನು ಹೇಳುವುದಿಲ್ಲ. 2287 ಎಂಬುದು ಜಿಲ್ಲೆಯ ಲೆಕ್ಕ. ಅದು ಅಣ್ಣನ ಅಂಗಳದ ಲೆಕ್ಕ ಅಲ್ಲ. ಕುಂಬಳೆಯಲ್ಲಿ ಬಿಸಿಲಿರುವಾಗ ಮುಳ್ಳೇರಿಯದಲ್ಲಿ ಮಳೆ ಹೊಯ್ಯುವುದನ್ನು ನಾವೇ ನೋಡಿಲ್ಲವೇ? ಅವರ ತೋಟದಲ್ಲಿ ಆ ವರ್ಷ ಒಂದೆರಡು ದಿನ ಭಾರಿ ಮಳೆ ಬಂದಿರಲೂಬಹುದು. ಬಂದಿತ್ತೋ ಇಲ್ಲವೋ ಈಗ ಯಾರಿಗೂ ಗೊತ್ತಿಲ್ಲ. ಯಾಕೆ? ಯಾರೂ ಬರೆದಿಟ್ಟಿಲ್ಲ.

ನಮ್ಮ ಹಿರಿಯರಿಗೆ ಮಳೆಯ ಲೆಕ್ಕ ಇರಲಿಲ್ಲ ಎಂದಲ್ಲ. ಪತ್ತನಾಜೆ ಕಳೆಯಿತು, ಆಟದ ಮೇಳಗಳು ಗೆಜ್ಜೆ ಬಿಚ್ಚಿದವು, ಇನ್ನು ಮಳೆಗಾಲ. ಕಾರ್ತೆಲ್ ತಿಂಗಳ ಮಳೆ ಹೇಗೆ, ಆಟಿಯ ಮಳೆ ಹೇಗೆ, ಮೃಗಶಿರಾ ಹೇಗೆ, ಆರ್ದ್ರಾ ಹೇಗೆ, ಎಲ್ಲ ಬಾಯಲ್ಲೇ ಇತ್ತು. ಆ ತಿಳಿವಳಿಕೆ ದೊಡ್ಡದು. ಆದರೆ ಬಾಯಿಲೆಕ್ಕದಲ್ಲಿ "ಜೋರು ಮಳೆ" ಎಂದರೆ ಎಷ್ಟು? ನನಗೆ ಜೋರು ಕಂಡದ್ದು ನಿಮಗೆ ಜೋರು ಕಾಣಬೇಕೆಂದಿಲ್ಲ. ಮತ್ತೆ ಈಗ ಮಳೆ ಬರುವ ದಿನವೂ ಹಿಂದೆಮುಂದೆ ಆಗುತ್ತದೆ. ಮುಂಗಾರು ಕೇರಳಕ್ಕೆ ಬರುವ ವಾಡಿಕೆಯ ದಿನ ಜೂನ್ 1. 2023ರಲ್ಲಿ ಬಂದದ್ದು ಜೂನ್ 8ಕ್ಕೆ. 2025ರಲ್ಲಿ ಮೇ 24ಕ್ಕೇ ಬಂತು, ಪತ್ತನಾಜೆಯ ಆಸುಪಾಸಿಗೆ. ಎರಡು ವಾರದ ವ್ಯತ್ಯಾಸ.

ಎರಡು ವಾರ ಅಡಿಕೆಯವರಿಗೆ ಸಣ್ಣ ಸಂಗತಿಯಲ್ಲ. ಕೊಳೆರೋಗಕ್ಕೆ ಮದ್ದು ಬಿಡುವ ಕ್ರಮ ನಿಮಗೆ ನನಗಿಂತ ಚೆನ್ನಾಗಿ ಗೊತ್ತುಂಟು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವ ಮೊದಲು ಒಂದು ಸಲ. ಅದಾಗಿ 40-45 ದಿನಕ್ಕೆ ಇನ್ನೊಂದು ಸಲ. ಮಳೆ ಬೇಗ ಹಿಡಿದರೆ ಮೊದಲನೆಯದು ತಪ್ಪಿತು. ಬಿಡದೆ ಹೊಯ್ದರೆ ಎರಡನೆಯದಕ್ಕೆ ಮರ ಹತ್ತುವವರು ಸಿಗುವುದಿಲ್ಲ. "ಮೊನ್ನೆ ಮೊನ್ನೆ ಬಿಟ್ಟದ್ದಲ್ಲವಾ" ಎನ್ನುತ್ತೇವೆ. ಲೆಕ್ಕ ಹಾಕಿದರೆ ಐವತ್ತು ದಿನ ಕಳೆದಿರುತ್ತದೆ. ನಮ್ಮ ಮನೆಯಲ್ಲೇ ಒಂದು ವರ್ಷ ಹೀಗಾಗಿದೆ. ತಂದೆಯವರು ಒಂದು ದಿನ ಹೇಳಿದರು, ಅಮ್ಮ ಇನ್ನೊಂದು ದಿನ ಹೇಳಿದರು. ಅಷ್ಟರಲ್ಲಿ ಮರದಡಿಯಲ್ಲಿ ಎಳೆ ಕಾಯಿ ಹಾಸಿ ಬಿದ್ದಿತ್ತು.

ಸರಿ, ಮಳೆ ಅಳೆಯುವುದು ಹೇಗೆ?

ಮಳೆಯನ್ನು ಲೀಟರಿನಲ್ಲಿ ಅಳೆಯುವುದಿಲ್ಲ. ಮಿಲಿಮೀಟರಿನಲ್ಲಿ, ಅಂದರೆ ಎತ್ತರದಲ್ಲಿ ಅಳೆಯುತ್ತಾರೆ. ನಿಮ್ಮ ಅಂಗಳ ಒಂದು ದೊಡ್ಡ ತಟ್ಟೆ ಎಂದುಕೊಳ್ಳಿ. ಬಿದ್ದ ನೀರು ಹರಿದುಹೋಗಬಾರದು, ಇಂಗಬಾರದು, ಆರಬಾರದು. ಆಗ ತಟ್ಟೆಯಲ್ಲಿ ಎಷ್ಟು ಎತ್ತರಕ್ಕೆ ನೀರು ನಿಲ್ಲುತ್ತದೋ ಅಷ್ಟು ಮಳೆ. ಸ್ಕೇಲಿನಲ್ಲಿ ಸಣ್ಣ ಗೆರೆಗಳುಂಟಲ್ಲ, ಅದರಲ್ಲಿ ಒಂದು ಗೆರೆಯಷ್ಟು ನಿಂತರೆ ಒಂದು ಮಿಲಿಮೀಟರ್.

ಒಂದು ಮಿಲಿಮೀಟರ್ ಎಂದರೆ ಏನೂ ಇಲ್ಲ ಎಂದು ಕಾಣುತ್ತದೆ. ಆದರೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗದಲ್ಲಿ ಅದು ಒಂದು ಲೀಟರ್ ನೀರು. ನಿಮ್ಮ ಮನೆಯ ಮಾಡು ನೂರು ಚದರ ಮೀಟರ್ ಎಂದಿಟ್ಟುಕೊಳ್ಳಿ. ಹತ್ತು ಮಿಲಿಮೀಟರ್ ಮಳೆ ಬಂದರೆ ಮಾಡಿನ ಮೇಲೆ ಸಾವಿರ ಲೀಟರ್ ಬಿತ್ತು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಬೀಳುವುದು ವಾಡಿಕೆ. ಅಂದರೆ ಮೂರು ಲಕ್ಷ ಲೀಟರ್, ಒಂದು ಮನೆಯ ಮಾಡಿಗೆ! ಏಪ್ರಿಲ್‌ನಲ್ಲಿ ಅದೇ ಮನೆಯವರು ಕೊಡ ಹಿಡಿದುಕೊಂಡು ಸುರಂಗದ ಬಾಯಲ್ಲಿ ನಿಂತಿರುತ್ತಾರೆ. ಇದನ್ನು ಲೆಕ್ಕ ಮಾಡಿ ನೋಡಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಅಳೆಯಲು ದೊಡ್ಡ ಯಂತ್ರ ಬೇಡ. ಎರಡು ಲೀಟರಿನ ಒಂದು ಪ್ಲಾಸ್ಟಿಕ್ ಬಾಟಲಿ ಸಾಕು. ಮೈ ನೇರವಾಗಿರುವ ಬಾಟಲಿ ಆಗಬೇಕು. ಸೊಂಟ ಸಣ್ಣ ಆದದ್ದು ಆಗುವುದಿಲ್ಲ. ಮೇಲಿನ ಕುತ್ತಿಗೆಯ ಭಾಗ ಕತ್ತರಿಸಿ. ಕತ್ತರಿಸಿದ ತುಂಡನ್ನು ಮಗುಚಿ ಬಾಟಲಿಯ ಒಳಗೇ ಇಡಿ, ಎಣ್ಣೆ ಹೊಯ್ಯುವ ಆಲಿಕೆಯ ಹಾಗೆ. ತಳದಲ್ಲಿ ನಾಲ್ಕು ಸಣ್ಣ ಕಲ್ಲು ಹಾಕಿ, ಗಾಳಿಗೆ ಬೀಳಬಾರದಲ್ಲ. ಬಾಟಲಿಯ ತಳ ಉಬ್ಬುತಗ್ಗು ಇರುತ್ತದೆ. ಆದ್ದರಿಂದ ಮೈ ನೇರ ಆಗುವಲ್ಲಿಯವರೆಗೆ ನೀರು ಹಾಕಿ ಅಲ್ಲಿ ಒಂದು ಗೆರೆ ಎಳೆಯಿರಿ. ಅದು ಸೊನ್ನೆ. ಆ ಗೆರೆಯ ಮೇಲೆ ನೀರು ಎಷ್ಟು ಏರಿತೋ ಅಷ್ಟು ಮಳೆ. ಸ್ಕೇಲ್ ಇಡುವಾಗ ಸ್ಕೇಲಿನ ತುದಿಯನ್ನು ಗೆರೆಗೆ ಇಡಬೇಡಿ, ಸ್ಕೇಲಿನ ಸೊನ್ನೆಯನ್ನು ಗೆರೆಗೆ ಇಡಿ. ಕೆಲವು ಸ್ಕೇಲಿನಲ್ಲಿ ತುದಿಗೂ ಸೊನ್ನೆಗೂ ನಡುವೆ ಸ್ವಲ್ಪ ಜಾಗ ಬಿಟ್ಟಿರುತ್ತಾರೆ. ನಾನೇ ಮೋಸ ಹೋದದ್ದುಂಟು.

ಬಾಟಲಿಯನ್ನು ಎಲ್ಲಿ ಇಡುವುದು? ಮಾಡಿನ ನೀರು ಬೀಳುವಲ್ಲಿ ಬೇಡ. ತೆಂಗಿನ ಅಡಿಯಲ್ಲಿ ಬೇಡ. ಬಯಲಿನಲ್ಲಿ ಬೇಕು. ಹತ್ತಿರ ಮರ ಇದ್ದರೆ ಅದರ ಎತ್ತರದ ಎರಡು ಪಾಲು ದೂರ ಹೋಗಿ. ತೋಟದ ನಡುವೆ ಮನೆ ಇದ್ದವರಿಗೆ ಇದು ಕಷ್ಟ, ನನಗೆ ಗೊತ್ತುಂಟು. ಆದಷ್ಟು ತೆರೆದ ಜಾಗ ನೋಡಿ. ಬಾಟಲಿಯ ಬಾಯಿ ನೆಲದಿಂದ ಒಂದು ಅಡಿ ಮೇಲಿದ್ದರೆ ನೆಲಕ್ಕೆ ಬಿದ್ದು ಹಾರುವ ಕೆಸರು ನೀರು ಒಳಗೆ ಹೋಗುವುದಿಲ್ಲ. ಮತ್ತೆ ಒಂದು ಮಾತು. ಗುಡುಗು ಸಿಡಿಲು ಇರುವಾಗ ಅಳೆಯಲು ಅಂಗಳಕ್ಕೆ ಇಳಿಯಬೇಡಿ. ನೀರು ಎಲ್ಲಿಗೂ ಓಡಿಹೋಗುವುದಿಲ್ಲ.

ಸಮಯ ಬೆಳಿಗ್ಗೆ ಎಂಟೂವರೆ. ಭಾರತ ಹವಾಮಾನ ಇಲಾಖೆಯವರು ದೇಶದಲ್ಲೆಲ್ಲ ಬೆಳಿಗ್ಗೆ 8.30ಕ್ಕೇ ದಿನದ ಮಳೆ ಲೆಕ್ಕ ಮಾಡುವುದು. ನಿನ್ನೆ 8.30ರಿಂದ ಇವತ್ತು 8.30ರ ವರೆಗೆ ಬಿದ್ದದ್ದು ಇವತ್ತಿನ ತಾರೀಕಿಗೆ. ನೀವೂ ಅದೇ ಹೊತ್ತಿಗೆ ಅಳೆದರೆ ನಿಮ್ಮ ಲೆಕ್ಕವನ್ನು ಅವರ ಲೆಕ್ಕದ ಪಕ್ಕದಲ್ಲಿ ಇಟ್ಟು ನೋಡಬಹುದು. ನಮ್ಮ ಜಿಲ್ಲೆಯಲ್ಲಿ ಕುಡ್ಲಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರ, ಅಂದರೆ ನಾವು ಸಿಪಿಸಿಆರ್‌ಐ ಎನ್ನುತ್ತೇವಲ್ಲ, ಅಲ್ಲಿಯೂ ಹವಾಮಾನ ಅಳೆಯುತ್ತಾರೆ. 1916ರಲ್ಲಿ ತೆಂಗಿನ ಸಂಶೋಧನೆಗೆ ಶುರುವಾದ ಜಾಗ ಅದು. ಸುಳ್ಯದ ಕಡೆಯಲ್ಲಿ ಸಾಮಾನ್ಯ ಕೃಷಿಕರೇ ಹತ್ತಾರು ವರ್ಷಗಳಿಂದ ದಿನಾ ಮಳೆ ಅಳೆದು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಅವರಿಗೆ ಯಾರೂ ಸಂಬಳ ಕೊಡುವುದಿಲ್ಲ. ಒಂದು ಹುಚ್ಚು, ಒಳ್ಳೆಯ ಹುಚ್ಚು.

ಅಳೆದ ಮೇಲೆ ನೀರು ಚೆಲ್ಲಿ, ಸೊನ್ನೆಯ ಗೆರೆಗೆ ಪುನಃ ನೀರು ತುಂಬಿಸಿ. ಮಳೆ ಇಲ್ಲದ ದಿನವೂ ಹಳೆ ನೀರು ಬಿಡಬೇಡಿ. ಡೆಂಗಿಯ ಸೊಳ್ಳೆಗೆ ಅಷ್ಟು ನೀರು ಧಾರಾಳ. ತೋಟದ ಹಾಳೆಯಲ್ಲಿ ನಿಂತ ನೀರು ಚೆಲ್ಲಿ ಎಂದು ಆರೋಗ್ಯ ಇಲಾಖೆಯವರು ಮನೆಮನೆಗೆ ಬಂದು ಹೇಳುತ್ತಾರೆ. ನಮ್ಮ ಬಾಟಲಿಯಿಂದಲೇ ಜ್ವರ ಹರಡಿತು ಎಂದಾಗಬಾರದು.

ಈಗ ಬರೆಯುವ ವಿಷಯ. ಒಂದು ನೂರು ಪುಟದ ಪುಸ್ತಕ. ಪುಟದಲ್ಲಿ ಮೂರು ಗೆರೆ ಎಳೆಯಿರಿ. ತಾರೀಕು ಒಂದು ಕಡೆ, ಮಳೆ ಒಂದು ಕಡೆ. ಮೂರನೆಯ ಕಡೆಯಲ್ಲಿ ಎರಡು ಮಾತು. "ಮದ್ದು ಬಿಟ್ಟೆವು." "ಬಾವಿಯಲ್ಲಿ ಎಂಟು ರಿಂಗು ನೀರು." "ಕಾಳುಮೆಣಸು ಗೆರೆ ಬಿಟ್ಟಿದೆ." "ದನ ಕರು ಹಾಕಿತು" ಎಂದೂ ಬರೆಯಿರಿ, ಯಾರು ಬೇಡ ಎನ್ನುತ್ತಾರೆ?

ಮಳೆ ಬಾರದ ದಿನ 0 ಎಂದು ಬರೆಯಬೇಕು. ನೆಂಟರ ಮನೆಗೆ ಹೋಗಿದ್ದರೆ "ನೋಡಿಲ್ಲ" ಎಂದು ಬರೆಯಬೇಕು. ಸೊನ್ನೆ ಬೇರೆ, ನೋಡಿಲ್ಲ ಬೇರೆ. ನನ್ನ ಪುಸ್ತಕದಲ್ಲಿ ಒಂದು ಜುಲೈಯಲ್ಲಿ ನಾಲ್ಕು ದಿನ ಅಂದಾಜಿಗೆ ಬರೆದೆ. ನಾಚಿಕೆಯಾಗುತ್ತದೆ ಹೇಳಲು. ಈಗ ಆ ತಿಂಗಳ ಮೊತ್ತವನ್ನು ನಾನೇ ನಂಬುವುದಿಲ್ಲ.

ಹಿಂದಿನ ಸಾಲಿನಿಂದ ಒಬ್ಬರು ಅಮ್ಮ ಕೇಳಿದರು, "ಮಗಾ, ಅಳೆಯುವುದು ಸರಿ. ಬರೆದು ಯಾರಿಗೆ ತೋರಿಸಲಿಕ್ಕೆ?" ಒಳ್ಳೆಯ ಪ್ರಶ್ನೆ. 1991ರ ಏಪ್ರಿಲ್ 18ಕ್ಕೆ ಕೇರಳ ಸಂಪೂರ್ಣ ಸಾಕ್ಷರ ರಾಜ್ಯ ಎಂದು ಘೋಷಣೆ ಆಯ್ತು. ಆಗ ಕಲಿತವರಲ್ಲಿ ಕೆಲವರು ಈಗ ಇದೇ ಬೆಂಚಿನಲ್ಲಿ ಪುನಃ ಕೂತಿದ್ದಾರೆ. ಬುದ್ಧಿ ಕಡಿಮೆ ಆದದ್ದಲ್ಲ. ಕಲಿತ ಅಕ್ಷರಕ್ಕೆ ಮನೆಯಲ್ಲಿ ಕೆಲಸ ಇರಲಿಲ್ಲ. ಪತ್ರ ಬರೆಯಲು ಯಾರಿದ್ದಾರೆ? ಈಗ ಎಲ್ಲ ಫೋನು. ಮಳೆಪುಸ್ತಕಕ್ಕೆ ದಿನಾ ಎರಡು ಸಾಲು ಬೇಕು. ಅದಕ್ಕೆ ರಜೆ ಇಲ್ಲ. ಯಾರಿಗೂ ತೋರಿಸುವುದು ಬೇಡ ಅಮ್ಮ. ಆದರೆ ಮುಂದಿನ ವರ್ಷ ನೀವೇ ತೆರೆದು ನೋಡುತ್ತೀರಿ.

ಎಚ್ಚರಿಕೆಯ ಬಣ್ಣಗಳೂ ಆಗ ಅರ್ಥವಾಗುತ್ತವೆ. ಮಳೆಗಾಲದಲ್ಲಿ ಟಿವಿಯಲ್ಲಿ, ಮೊಬೈಲಿನಲ್ಲಿ ಹಳದಿ, ಕಿತ್ತಳೆ, ಕೆಂಪು ಬರುತ್ತದೆ. ಹೆಚ್ಚಿನದ್ದೆಲ್ಲ ಮಲಯಾಳದಲ್ಲಿ. ಓದಲು ಬಾರದೆ ನಮ್ಮವರು ಮಕ್ಕಳನ್ನು ಕೇಳುತ್ತಾರೆ, ಮಕ್ಕಳು "ಶಾಲೆಗೆ ರಜೆ" ಎಂದಷ್ಟೇ ಹೇಳುತ್ತಾರೆ! ಬಣ್ಣದ ಹಿಂದೆ ಅಂಕಿ ಉಂಟು. ಒಂದು ದಿನದಲ್ಲಿ 64.5ರಿಂದ 115.5 ಮಿಲಿಮೀಟರ್ ಬರಬಹುದು ಎಂದಾದರೆ ಹಳದಿ. 115.6ರಿಂದ 204.4ರ ವರೆಗೆ ಕಿತ್ತಳೆ. ಅದಕ್ಕೂ ಮೇಲಾದರೆ ಕೆಂಪು. ನಿಮ್ಮ ಬಾಟಲಿಯಲ್ಲಿ 204 ಎಂದರೆ ಒಂದು ಗೇಣಿನಷ್ಟು ನೀರು. ಬಾಟಲಿಯೇ ತುಂಬೀತು. ಅಂಥ ದಿನ ಸಂಜೆಗೊಮ್ಮೆ ಅಳೆದು ಚೆಲ್ಲಿ, ಬೆಳಿಗ್ಗೆ ಪುನಃ ಅಳೆದು ಎರಡನ್ನೂ ಕೂಡಿಸಿ. ಮಧುವಾಹಿನಿಯ ಬದಿಯವರು, ಚಂದ್ರಗಿರಿಯ ಬದಿಯವರು ಅಂಕಿಗೂ ಹೊಳೆಗೂ ಸಂಬಂಧ ಬರೆದಿಡಿ. ಎಷ್ಟು ಮಿಲಿಮೀಟರ್ ಬಂದ ದಿನ ನೀರು ಗದ್ದೆಗೆ ಹತ್ತಿತು? ಎರಡು ದಿನ ಸೇರಿ ಎಷ್ಟಾದಾಗ ದಾರಿ ಮುಚ್ಚಿತು? ಇದನ್ನು ದೂರದ ಆಫೀಸಿನವರು ನಿಮಗೆ ಹೇಳಲಾರರು. ಹಾಗೆಂದು ನಿಮ್ಮ ಬಾಟಲಿ ನೋಡಿಕೊಂಡು ಕೆಂಪು ಎಚ್ಚರಿಕೆಯನ್ನು ಅಸಡ್ಡೆ ಮಾಡಬೇಡಿ. ಬಾಟಲಿ ಹೇಳುವುದು ಬಿದ್ದ ಮಳೆ, ಎಚ್ಚರಿಕೆ ಹೇಳುವುದು ಬರುವ ಮಳೆ.

ಬೆಳೆವಿಮೆಯ ಬಗ್ಗೆಯೂ ಹೇಳಬೇಕು. ಹವಾಮಾನ ಆಧಾರಿತ ವಿಮೆಯಲ್ಲಿ ಬಿದ್ದ ಅಡಿಕೆ ಎಣಿಸಿ ಹಣ ಕೊಡುವುದಲ್ಲ. ಗೊತ್ತುಮಾಡಿದ ಹವಾಮಾನ ಕೇಂದ್ರದಲ್ಲಿ ದಾಖಲಾದ ಮಳೆ, ಬಿಸಿಲು ನೋಡಿ ಕೊಡುವುದು. ನಿಮ್ಮ ಬಾಟಲಿಯ ಲೆಕ್ಕವನ್ನು ಕಂಪನಿಯವರು ಒಪ್ಪುವುದಿಲ್ಲ, ಆ ಆಸೆ ಬೇಡ. ಆದರೆ ಕೃಷಿಭವನಕ್ಕೆ ಹೋಗಿ, "ನಮ್ಮ ಜಾಗಕ್ಕೆ ಯಾವ ಕೇಂದ್ರದ ಲೆಕ್ಕ? ಆ ದಿನ ಅಲ್ಲಿ ಎಷ್ಟು ಬಂದಿತ್ತು? ನನ್ನಲ್ಲಿ ಇಷ್ಟು ಬಂದಿದೆ" ಎಂದು ಕೇಳಬಹುದು. ಬರಿಗೈಯಲ್ಲಿ ಕೇಳುವುದಕ್ಕೂ ಪುಸ್ತಕ ಹಿಡಿದು ಕೇಳುವುದಕ್ಕೂ ವ್ಯತ್ಯಾಸ ಉಂಟು.

ಸೆಕೆಯ ಲೆಕ್ಕ ಇಡಬೇಕೆಂದಿದ್ದವರು ಒಂದು ತಾಪಮಾಪಕ ತೆಗೆದುಕೊಳ್ಳಿ. ಬಿಸಿಲು ತಾಗದ, ಗಾಳಿಯಾಡುವ ನೆರಳಿನಲ್ಲಿ ನಾಲ್ಕು ಅಡಿ ಎತ್ತರಕ್ಕೆ ತೂಗಿಸಿ. ಕಾದ ಗೋಡೆಗೆ ತೂಗಿಸಿದರೆ ಗೋಡೆಯ ಬಿಸಿ ತೋರಿಸುತ್ತದೆ. ನಮ್ಮಂಥ ಕರಾವಳಿಯಲ್ಲಿ 37 ಡಿಗ್ರಿ ದಾಟಿದರೆ ಬಿಸಿಗಾಳಿಯ ಎಚ್ಚರಿಕೆಯ ಮಾತು ಶುರುವಾಗುತ್ತದೆ. ಬಿಸಿಲುಗಾಲದಲ್ಲಿ ಹೊರಗೆ ದುಡಿಯುವವರಿಗೆ ಮಧ್ಯಾಹ್ನ 12ರಿಂದ 3ರ ವರೆಗೆ ವಿರಾಮ ಕೊಡಬೇಕೆಂದು ಕೇರಳದ ಕಾರ್ಮಿಕ ಇಲಾಖೆ ಆದೇಶ ಹೊರಡಿಸುವುದು ಸುಮ್ಮನೆ ಅಲ್ಲ. ಕೂಲಿಗೆ ಹೋಗುವವರು ಇದನ್ನು ತಿಳಿದಿರಿ.

ಒಬ್ಬರು ತಮ್ಮ ಕೇಳುತ್ತಿದ್ದರು, ಕಾಶ್ಮೀರದಲ್ಲಿ ಹಿಮ ಬಿದ್ದರೆ ಹೇಗೆ ಅಳೆಯುತ್ತಾರೆ ಎಂದು. ಕೋಲಿನಂಥ ಅಳತೆಪಟ್ಟಿ ನೆಟ್ಟು ಎಷ್ಟು ಎತ್ತರ ಬಿದ್ದಿದೆ ನೋಡುತ್ತಾರೆ. ಮತ್ತೆ ಅದನ್ನು ಕರಗಿಸಿ ನೀರು ಎಷ್ಟು ಎಂದು ಅಳೆಯುತ್ತಾರೆ. ಹತ್ತು ಸೆಂಟಿಮೀಟರ್ ಹೊಸ ಹಿಮ ಕರಗಿದರೆ ಸುಮಾರು ಒಂದು ಸೆಂಟಿಮೀಟರ್ ನೀರು. ಅವರ ಊರಿನ ಲೆಕ್ಕವೂ ಕೊನೆಗೆ ನೀರಿನ ಲೆಕ್ಕವೇ. ನಮ್ಮಲ್ಲಿ ಆಲಿಕಲ್ಲು ಬಿದ್ದರೆ ಅದನ್ನೂ ಹಾಗೆಯೇ ಕರಗಲು ಬಿಟ್ಟು ಅಳೆಯಿರಿ. ಮೂರನೆಯ ಸಾಲಿನಲ್ಲಿ "ಆಲಿಕಲ್ಲು" ಎಂದು ಬರೆಯಲು ಮರೆಯಬೇಡಿ. ಲಿ, ಕ ಕ್ಕೆ ಲ ಒತ್ತಲ್ಲ, ಲ ಕ್ಕೆ ಲ ಒತ್ತು.

ಮುಂದಿನ ತರಗತಿಗೆ ಬರುವಾಗ ಒಬ್ಬೊಬ್ಬರು ಒಂದೊಂದು ಖಾಲಿ ಬಾಟಲಿ ತನ್ನಿ. ಕತ್ತರಿ, ಸ್ಕೇಲ್, ಗೆರೆ ಎಳೆಯಲು ಪೈಂಟು ನಾನು ತರುತ್ತೇನೆ. ಜಗಳ ಆಡಿದ ಅಣ್ಣ, ಅಕ್ಕ ಇಬ್ಬರೂ ಖಂಡಿತ ಬರಬೇಕು. ಅವರ ಎರಡು ಮನೆಗಳ ನಡುವೆ ಒಂದು ಗುಡ್ಡ ಉಂಟು. ಗುಡ್ಡದ ಯಾವ ಬದಿಯಲ್ಲಿ ಮಳೆ ಹೆಚ್ಚು ಎಂದು ನನಗೂ ನೋಡಬೇಕು.