ಮಾತಿಲ್ಲದ ನಗು
(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ಗುಬ್ಬಿಯಲ್ಲಿ ನಿಂತು ನಗುವಿನ ಬಗ್ಗೆ ಮಾತಾಡಲು ಧೈರ್ಯ ಬೇಕು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಗೆ ಹುಡುಗನಾಗಿದ್ದಾಗಲೇ ಸೇರಿದ ವೀರಣ್ಣನವರು ಮುಂದೆ ಅದರ ಮಾಲೀಕರಾದರು. 'ಸದಾರಮೆ'ಯ ಕಳ್ಳನಾಗಿ ನಾಡನ್ನೇ ನಗಿಸಿದರು. ಅವರು 1930ರ ಸುಮಾರಿಗೆ ಮೂಕಿ ಚಿತ್ರಗಳಿಗೂ ಕೈ ಹಾಕಿದ್ದರು. 'ಹಿಸ್ ಲವ್ ಅಫೇರ್', 'ಹರಿಮಾಯಾ' ಅಂಥ ಚಿತ್ರಗಳು. ಅಷ್ಟರಲ್ಲಿ, 1931ರಲ್ಲಿ, 'ಆಲಂ ಆರಾ' ಬಂದು ಪರದೆ ಮಾತಾಡತೊಡಗಿತು. 1934ರಲ್ಲಿ 'ಸತಿ ಸುಲೋಚನಾ' ಕನ್ನಡದಲ್ಲೇ ಮಾತಾಡಿತು. ಮರುವರ್ಷ 'ಸದಾರಮೆ'ಯೂ ಮಾತಾಡುವ ಚಿತ್ರವಾಯಿತು.

ಮಾತಿಲ್ಲದೆ ನಗಿಸುವುದು ಹೇಗೆ? ಚಾರ್ಲಿ ಚಾಪ್ಲಿನ್ 1916ರಲ್ಲಿ ಮಾಡಿದ ಎರಡು ರೀಲಿನ 'ದಿ ಪಾನ್‌ಶಾಪ್' ನೋಡಿ. ಚಾರ್ಲಿ ಗಿರವಿ ಅಂಗಡಿಯ ಕೆಲಸಗಾರ. ಬಡವನೊಬ್ಬ ಅಲಾರಂ ಗಡಿಯಾರ ಒತ್ತೆಯಿಡಲು ಬರುತ್ತಾನೆ. ಚಾರ್ಲಿ ಅದಕ್ಕೆ ವೈದ್ಯರ ಹಾಗೆ ಸ್ಟೆತಸ್ಕೋಪ್ ಇಟ್ಟು ಕೇಳುತ್ತಾನೆ, ತಟ್ಟಿ ನೋಡುತ್ತಾನೆ, ಡಬ್ಬಿಯ ಮುಚ್ಚಳ ಕೊರೆದಂತೆ ಕೊರೆಯುತ್ತಾನೆ, ಒಳಗಿನ ಸ್ಪ್ರಿಂಗನ್ನು ಬಟ್ಟೆ ಅಳೆದಂತೆ ಅಳೆಯುತ್ತಾನೆ. ಕೊನೆಗೆ ಬಿಡಿಭಾಗಗಳನ್ನೆಲ್ಲ ಗಿರಾಕಿಯ ಟೋಪಿಗೆ ಗುಡಿಸಿ ಹಾಕಿ, 'ಆಗೋದಿಲ್ಲ' ಎಂದು ತಲೆಯಾಡಿಸುತ್ತಾನೆ.

ಇಷ್ಟಾದರೂ ಚಾರ್ಲಿ ಒಮ್ಮೆಯೂ ನಗುವುದಿಲ್ಲ. ಬಹಳ ಗಂಭೀರವಾಗಿ ಕೆಲಸ ಮಾಡುತ್ತಾನೆ. ಅರ್ಜಿ ಹಿಡಿದು ಕಚೇರಿಯ ಕಿಟಕಿ ಮುಂದೆ ನಿಂತವರಿಗೆಲ್ಲ ಆ ಗಾಂಭೀರ್ಯ ಗೊತ್ತು. ನಾವು ನಗುವುದು ಗಡಿಯಾರ ಕಳೆದುಕೊಂಡ ಬಡವನನ್ನು ನೋಡಿ ಅಲ್ಲ, ಏನೂ ತಿಳಿಯದೆ ಎಲ್ಲ ತಿಳಿದವನಂತೆ ನಡೆಯುವ ದೊಡ್ಡಸ್ತಿಕೆಯನ್ನು ನೋಡಿ.

ಆ ಕಾಲದ ಎಲ್ಲ ಕಿರುಚಿತ್ರಗಳೂ ಹೀಗಿರಲಿಲ್ಲ. ದಪ್ಪಗಿರುವವರನ್ನು, ಕುಂಟುವವರನ್ನು ಅಣಕಿಸಿದವೂ ಇದ್ದವು. ಈ ವ್ಯತ್ಯಾಸ ಶಾಲೆಗೆ ಬಹಳ ಮುಖ್ಯ. ತೊದಲುವ ಹುಡುಗನನ್ನು ಅಣಕಿಸಿದರೆ ಒಂದು ಕ್ಷಣ ತರಗತಿಯೆಲ್ಲ ನಗಬಹುದು, ಆದರೆ ಆ ಹುಡುಗ ವರ್ಷವೆಲ್ಲ ಬಾಯಿ ಬಿಡುವುದಿಲ್ಲ.

ಗುರುಗಳಲ್ಲಿ ನನ್ನದೊಂದು ಕೋರಿಕೆ. ಮುಂದಿನ ವಾರ್ಷಿಕೋತ್ಸವದಲ್ಲಿ ಐದು ನಿಮಿಷದ ಮೂಕ ಪ್ರಹಸನವೊಂದನ್ನು ಮಕ್ಕಳಿಂದ ಆಡಿಸಿ. ಹಾರ್ಮೋನಿಯಂ, ತಬಲ ಇದ್ದರೆ ಸಾಕು. ಮೂಕಿ ಚಿತ್ರಗಳ ಕಾಲದಲ್ಲಿ ಪರದೆಯ ಪಕ್ಕದಲ್ಲಿ ಅವೇ ನುಡಿಯುತ್ತಿದ್ದವು. ಮೈಕಿನ ಮುಂದೆ ನಿಲ್ಲಲು ಹೆದರುವ ಮಗುವಿಗೆ ಮೊದಲ ಪಾತ್ರ ಕೊಡಿ. ವೀರಣ್ಣನವರ ಊರಿನಲ್ಲಿ ಅಂಥ ಮಗುವಿಗೂ ಜನರನ್ನು ನಗಿಸುವ ಅವಕಾಶ ಸಿಗಲಿ.