ಕೆಡ್ಡಸದ ಭೂಮಿ, ಮನೆಯ ಹೆಣ್ಣು

(ಘಟ್ಟದ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಕೂಟದಲ್ಲಿ ನೀಡಿದ ಉಪನ್ಯಾಸದ ಬರೆಹರೂಪ)



ಮಣ್ಣು, ಗೊಬ್ಬರ, ಅಡಿಕೆಯ ಕೊಳೆರೋಗ ಇವುಗಳ ಕುರಿತು ಮಾತನಾಡಲು ನನ್ನನ್ನು ಕರೆಯುವುದು ರೂಢಿ. ಈ ಸಲ ಮುಟ್ಟಿನ ಕುರಿತು ಮಾತನಾಡುತ್ತೇನೆಂದು ನಾನಾಗಿಯೇ ಕೇಳಿಕೊಂಡೆ. ಕೃಷಿ ವಿಜ್ಞಾನಕ್ಕೂ ಈ ವಿಷಯಕ್ಕೂ ಏನು ಸಂಬಂಧವೆಂದು ಕೆಲವರಿಗೆ ಅನ್ನಿಸಬಹುದು. ಸಂಬಂಧ ನಮ್ಮ ಭಾಷೆಯಲ್ಲಿಯೇ ಇದೆ. ವಸಂತ, ಗ್ರೀಷ್ಮ, ವರ್ಷ ಇವುಗಳನ್ನು ನಾವು ಋತುಗಳೆನ್ನುತ್ತೇವೆ. ಮೈನೆರೆದ ಹುಡುಗಿಯನ್ನು ಋತುಮತಿ ಎನ್ನುತ್ತೇವೆ. ಭೂಮಿಯ ಕಾಲಚಕ್ರಕ್ಕೂ ಹೆಣ್ಣಿನ ದೇಹದ ಕಾಲಚಕ್ರಕ್ಕೂ ಒಂದೇ ಪದ. ಆದರೆ ಮೊದಲನೆಯದನ್ನು ಪಂಚಾಂಗದಲ್ಲಿ ಅಚ್ಚು ಮಾಡಿಸಿ ಗೋಡೆಗೆ ತೂಗುಹಾಕುತ್ತೇವೆ. ಎರಡನೆಯದನ್ನು ಪಿಸುದನಿಯಲ್ಲಿ ಹೇಳುತ್ತೇವೆ. ಈ ವ್ಯತ್ಯಾಸವು ಹೆಣ್ಣಿನ ಮನಸ್ಸಿನಲ್ಲಿ ಏನನ್ನು ಉಳಿಸುತ್ತದೆ ಎಂಬುದೇ ನನ್ನ ಇಂದಿನ ವಿಷಯ.

ನನ್ನ ಅನುಭವವೊಂದರಿಂದ ಆರಂಭಿಸುತ್ತೇನೆ. ನಾನು ಹುಟ್ಟಿದ್ದು ಘಟ್ಟದ ಬುಡದ ತುಳುನಾಡಿನ ಒಂದು ಹಳ್ಳಿಯಲ್ಲಿ, ಅಡಿಕೆ ತೋಟದ ನಡುವಿನ ಮನೆಯಲ್ಲಿ. ಹದಿಮೂರನೆಯ ವಯಸ್ಸಿನ ಆಷಾಢದ ಒಂದು ಬೆಳಿಗ್ಗೆ, ಏನಾಗುತ್ತಿದೆಯೆಂದು ಅರಿಯದೆ, ಯಾರಿಗೂ ಹೇಳಲಾರದೆ, ಅಜ್ಜಿ ಹೇಳಿದಂತೆ ತೋಟಕ್ಕೆ ಹೋಗಿ ವೀಳ್ಯದೆಲೆ ಕೊಯ್ದು ತಂದೆ. ದಾರಿಯಲ್ಲಿ ಮೆಣಸಿನ ಬಳ್ಳಿಗಳನ್ನೂ ಮುಟ್ಟಿದ್ದೆ. ಮರುದಿನ ಮನೆಗೆ ವಿಷಯ ತಿಳಿಯಿತು. ಹೊಸ ಬಟ್ಟೆ ಉಡಿಸಿದರು, ಆರತಿ ಎತ್ತಿದರು, ಎಳ್ಳು ಬೆಲ್ಲ ತಿನ್ನಿಸಿದರು. ಆ ಬಳಿಕ ಜಗಲಿಯ ಮೂಲೆಯನ್ನು ತೋರಿಸಿ, ಮೂರು ದಿನ ಗಿಡಬಳ್ಳಿ ಮುಟ್ಟಬಾರದು, ಮುಟ್ಟಿದರೆ ಒಣಗುತ್ತವೆ ಎಂದರು. ಮುಟ್ಟಿಯಾಗಿತ್ತು, ಹೇಳಲು ಧೈರ್ಯವಾಗಲಿಲ್ಲ. ಆ ಮಳೆಗಾಲ ಮುಗಿಯುವುದರೊಳಗೆ ನಾಲ್ಕು ಮೆಣಸಿನ ಬಳ್ಳಿಗಳು ಎಲೆ ಉದುರಿಸಿ ಸತ್ತುಹೋದವು. ಯಾರೂ ನನ್ನನ್ನು ದೂರಲಿಲ್ಲ. ಕೊಂದವಳು ನಾನೇ ಎಂದು ಏಳು ವರ್ಷ ನಂಬಿದ್ದೆ. ಆರತಿಯ ಸಂತೋಷ ಒಂದು ದಿನದ್ದು, ಈ ನಂಬಿಕೆ ಪ್ರತಿ ತಿಂಗಳಿನದು.

ವಿದ್ಯಾರ್ಥಿನಿಯರು ಇದನ್ನು ಗಮನಿಸಬೇಕು. ಮೊದಲ ಮುಟ್ಟಿನ ಸಮಯದಲ್ಲಿ ನಮ್ಮ ಸಮಾಜ ಹುಡುಗಿಗೆ ಎರಡು ಮಾತುಗಳನ್ನು ಒಟ್ಟಿಗೆ ಹೇಳುತ್ತದೆ. ‘ನೀನು ಫಲವತಿ, ಮಂಗಳಕರಳು’ ಎಂಬುದು ಒಂದು. ‘ನೀನು ಅಶುದ್ಧಳು, ಅಪಾಯಕಾರಿ’ ಎಂಬುದು ಇನ್ನೊಂದು. ಫ್ರಾನ್ಸಿನ ಚಿಂತಕಿ ಸಿಮೋನ್ ದ ಬೋವಾ 1949ರಲ್ಲಿ ಪ್ರಕಟಿಸಿದ ‘ದ ಸೆಕೆಂಡ್ ಸೆಕ್ಸ್’ ಗ್ರಂಥದಲ್ಲಿ ಈ ಇಬ್ಬಂದಿಯನ್ನು ವಿವೇಚಿಸಿದ್ದಾರೆ. ಗಂಡುಹೆಣ್ಣುಗಳು ಸಮಾನರಾಗಿರುವ ಸಮಾಜದಲ್ಲಿ ಹುಡುಗಿಯು ಮುಟ್ಟನ್ನು ಪ್ರೌಢಜೀವನಕ್ಕೆ ತಾನು ಕಾಲಿಡುವ ಬಗೆಯೆಂದಷ್ಟೇ ಕಾಣುತ್ತಾಳೆ ಎಂಬುದು ಅವರ ವಾದದ ತಿರುಳು. ಅರ್ಥಾತ್, ನಾಚಿಕೆ ರಕ್ತದಲ್ಲಿಲ್ಲ. ಅದಕ್ಕೆ ನಾವು ಕೊಡುವ ಅರ್ಥದಲ್ಲಿದೆ.

ಹಾಗಾದರೆ ನಮ್ಮ ಪರಂಪರೆಯಲ್ಲಿ ಬೇರೆ ಅರ್ಥವೇ ಇರಲಿಲ್ಲವೇ? ಇತ್ತು, ಈಗಲೂ ಇದೆ. ತುಳುನಾಡಿನಲ್ಲಿ ಮಕರ ಮಾಸದ ಕೊನೆಗೆ, ಅಂದರೆ ಫೆಬ್ರವರಿಯ ಎರಡನೆಯ ವಾರದ ಆಸುಪಾಸಿನಲ್ಲಿ, ಮೂರು ದಿನ ಕೆಡ್ಡಸ ಆಚರಿಸುತ್ತಾರೆ. ಆಗ ಭೂಮಿತಾಯಿ ಮುಟ್ಟಾಗುತ್ತಾಳೆಂಬುದು ನಂಬಿಕೆ. ಆ ದಿನಗಳಲ್ಲಿ ನೆಲ ಅಗೆಯುವಂತಿಲ್ಲ, ಉಳುವಂತಿಲ್ಲ, ಹಸಿ ಗಿಡ ಕಡಿಯುವಂತಿಲ್ಲ. ಅಕ್ಕಿ ಹುರಿದು ಪುಡಿಮಾಡಿ ಬೆಲ್ಲ, ತೆಂಗಿನಕಾಯಿ ಬೆರೆಸಿ ನನ್ಯರಿ ಮಾಡುತ್ತಾರೆ. ಕೊನೆಯ ದಿನ ಮುತ್ತೈದೆಯರು ತುಳಸಿಕಟ್ಟೆಯ ಬಳಿ ನೆಲವನ್ನು ಶುಚಿಗೊಳಿಸಿ, ಎಣ್ಣೆ, ಸೀಗೆ, ಅರಸಿನ, ಕುಂಕುಮ ಇಟ್ಟು ಭೂಮಿಗೆ ಸ್ನಾನ ಮಾಡಿಸುತ್ತಾರೆ. ಒಡಿಶಾದಲ್ಲಿ ಜೂನ್ ಮಧ್ಯಭಾಗದ ರಜ ಪರ್ವವೂ ಇಂತಹದೇ. ಅಲ್ಲಿ ಮೂರು ದಿನ ನೇಗಿಲಿಗೆ ಬಿಡುವು. ಹುಡುಗಿಯರು ಹೊಸ ಬಟ್ಟೆ ತೊಟ್ಟು ಉಯ್ಯಾಲೆಯಾಡುತ್ತಾರೆ. ನಾಲ್ಕನೆಯ ದಿನ ವಸುಮತಿಗೆ ಸ್ನಾನ. ಅಸ್ಸಾಮಿನ ಗುವಾಹಟಿಯ ಕಾಮಾಖ್ಯ ದೇಗುಲದಲ್ಲಿ ಅಂಬುಬಾಚಿಯ ಸಮಯ ದೇವಿ ರಜಸ್ವಲೆಯಾದಳೆಂದು ಮೂರು ದಿನ ಬಾಗಿಲು ಮುಚ್ಚುತ್ತಾರೆ. ತೆರೆದಾಗ ಕೆಂಪು ವಸ್ತ್ರದ ತುಣುಕು ಭಕ್ತರಿಗೆ ಪ್ರಸಾದ. ನಮ್ಮ ಘಟ್ಟದ ಮೇಲೆ ಭೂಮಿ ಹುಣ್ಣಿಮೆಯಂದು ತೆನೆಗಟ್ಟುವ ಗದ್ದೆಯನ್ನು ಗರ್ಭಿಣಿಯೆಂದು ಭಾವಿಸಿ ಬಯಕೆಯ ಅಡುಗೆ ಬಡಿಸುತ್ತೇವೆ. ಕರಾವಳಿಯ ಭೂಮಿ ಮುಟ್ಟಾಗುತ್ತಾಳೆ, ಮಲೆನಾಡಿನ ಭೂಮಿ ಬಸುರಾಗುತ್ತಾಳೆ. ಎರಡೂ ಕಡೆ ಅವಳು ಹೆಣ್ಣೇ.

ಕೃಷಿಯ ದೃಷ್ಟಿಯಿಂದ ಇದರಲ್ಲೊಂದು ವಿವೇಕವಿದೆ. ಫೆಬ್ರವರಿಯಲ್ಲಿ ಮೇಲ್ಮಣ್ಣಿನ ತೇವ ಇಳಿಯುತ್ತಿರುತ್ತದೆ. ಆಗ ನೆಲವನ್ನು ಬಗೆದರೆ ಇರುವ ತೇವವೂ ಆರುತ್ತದೆ. ಮೂರು ದಿನದ ಬಿಡುವಿನಿಂದ ಇಳುವರಿ ಹೆಚ್ಚುತ್ತದೆಂದು ನಾನು ಹೇಳುತ್ತಿಲ್ಲ. ಕೊಡುವವಳಿಗೂ ವಿಶ್ರಾಂತಿ ಬೇಕು, ಆ ವಿಶ್ರಾಂತಿಗೆ ಊರೆಲ್ಲ ತಲೆಬಾಗಬೇಕು ಎಂಬ ತತ್ತ್ವವನ್ನು ಅದು ವರ್ಷಕ್ಕೊಮ್ಮೆ ನೆನಪಿಸುತ್ತದೆ, ಅಷ್ಟೇ.

ಈಗ ನನ್ನ ಮುಖ್ಯ ಪ್ರಶ್ನೆ. ಭೂಮಿ ಮುಟ್ಟಾದಾಗ ಎಣ್ಣೆ, ಅರಸಿನ, ನನ್ಯರಿ. ಮನೆಯ ಹೆಣ್ಣು ಮುಟ್ಟಾದಾಗ ಚಾಪೆ, ಚೆಂಬು, ಕೊಟ್ಟಿಗೆಯ ಬದಿ. ಭೂಮಿಯ ಸಂದರ್ಭದಲ್ಲಿ ದೂರವಿರಬೇಕಾದವರು ನಾವು, ನಮ್ಮ ಹಾರೆ ಗುದ್ದಲಿಗಳು. ಹೆಣ್ಣಿನ ಸಂದರ್ಭದಲ್ಲಿ ದೂರವಿರಬೇಕಾದವಳು ಅವಳೇ. ಕೆಡ್ಡಸದ ದಿನ ‘ಅವಳಿಗೆ ನೋವಾದೀತು’ ಎನ್ನುತ್ತೇವೆ, ಮನೆಯಲ್ಲಿ ‘ಅವಳಿಂದ ಕೇಡಾದೀತು’ ಎನ್ನುತ್ತೇವೆ. ಸಂಕೇತ ಒಂದೇ ಆದರೂ ಅದರ ದಿಕ್ಕು ತಿರುಗಿಬಿಟ್ಟಿದೆ.

ಹೀಗೆ ತಿರುಗಿದ ಬಗೆಯನ್ನು ತೈತ್ತಿರೀಯ ಸಂಹಿತೆಯ ಒಂದು ಕಥೆಯಲ್ಲಿ ಕಾಣಬಹುದು. ಇಂದ್ರನು ತ್ವಷ್ಟೃವಿನ ಮಗ ವಿಶ್ವರೂಪನನ್ನು ಕೊಂದು ಬ್ರಹ್ಮಹತ್ಯೆಯ ಪಾಪ ಹೊರುತ್ತಾನೆ. ಅದನ್ನು ಮೂರು ಪಾಲು ಮಾಡಿ ಭೂಮಿಗೆ, ಮರಗಳಿಗೆ, ಸ್ತ್ರೀಯರಿಗೆ ಹಂಚುತ್ತಾನೆ. ಪಾಪದ ಪಾಲು ಭೂಮಿಯಲ್ಲಿ ಬರಡು ನೆಲವಾಯಿತು, ಮರದಲ್ಲಿ ಅಂಟುರಸವಾಯಿತು, ಹೆಣ್ಣಿನಲ್ಲಿ ಮುಟ್ಟಾಯಿತು. ಪ್ರತಿಯಾಗಿ ಮೂವರೂ ವರ ಪಡೆದರು: ಅಗೆದ ನೆಲ ವರ್ಷದೊಳಗೆ ಮುಚ್ಚಿಕೊಳ್ಳಲಿ, ಕಡಿದ ಮರ ಮತ್ತೆ ಚಿಗುರಲಿ, ಹೆಣ್ಣು ಋತುವಿನಿಂದ ಸಂತಾನ ಪಡೆಯಲಿ ಎಂದು. ಈ ಕಥೆಯನ್ನು ಮುಟ್ಟಿನ ಅಶುದ್ಧಿಗೆ ಆಧಾರವೆಂದು ಬಳಸಿದವರುಂಟು. ಆದರೆ ಕೊಲೆ ಮಾಡಿದವನು ಇಂದ್ರ. ಪಾಪ ಹೊತ್ತವರು ಮಣ್ಣು, ಮರ, ಹೆಣ್ಣು. ಗಾಯವಾದರೂ ಮರಳಿ ಚಿಗುರುವ ಶಕ್ತಿ ಈ ಮೂವರಿಗೂ ಇದೆ ಎಂಬುದನ್ನು ಕಥೆ ಕಟ್ಟಿದವರು ಕಂಡಿದ್ದರು. ಆ ಶಕ್ತಿಯನ್ನು ನಾವು ಮರೆತೆವು, ಪಾಪವನ್ನು ಮಾತ್ರ ನೆನಪಿಟ್ಟುಕೊಂಡೆವು.

ದೇಹದಲ್ಲಿ ನಡೆಯುವುದಾದರೂ ಏನು? ಪ್ರತಿ ತಿಂಗಳು ಗರ್ಭಕೋಶದ ಒಳಗೋಡೆಯಲ್ಲಿ ಮಗುವಿಗೆ ಹಾಸಿಗೆಯಂತೆ ಒಂದು ಪದರ ಬೆಳೆಯುತ್ತದೆ. ಗರ್ಭ ನಿಲ್ಲದಿದ್ದರೆ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನಿನ ಮಟ್ಟ ಇಳಿದು ಆ ಪದರ ಕಳಚಿ ರಕ್ತದೊಂದಿಗೆ ಹೊರಬರುತ್ತದೆ. ಕಲೆಯೇ ಉಳಿಯದಂತೆ ಹೊಸ ಪದರ ಮೂಡುತ್ತದೆ. ಸಾಮಾನ್ಯವಾಗಿ 21ರಿಂದ 35 ದಿನಗಳಿಗೊಮ್ಮೆ ನಡೆಯುವ ಈ ಕ್ರಿಯೆಯಲ್ಲಿ ಹೋಗುವ ರಕ್ತ ಸುಮಾರು 30ರಿಂದ 40 ಮಿಲಿಲೀಟರ್. 80 ಮಿಲಿಲೀಟರ್ ಮೀರಿದರೆ ವೈದ್ಯರನ್ನು ಕಾಣಬೇಕು. ಅದರಲ್ಲಿ ವಿಷವಿಲ್ಲ. ನಮ್ಮ ಕಾಡಿನಲ್ಲಿ ಬೇಸಿಗೆಗೆ ಮುನ್ನ ಎಲೆ ಉದುರುತ್ತದೆ. ಅದನ್ನು ನಾವು ಮೈಲಿಗೆ ಎನ್ನುವುದಿಲ್ಲ. ದರಕು ಎಂದು ಗುಡಿಸಿ ತಂದು ಕೊಟ್ಟಿಗೆಗೆ ಹಾಸುತ್ತೇವೆ.

ಹಳ್ಳಿಯವರು ಮಾತ್ರ ಮೂಢರೆಂದು ವಿದ್ಯಾರ್ಥಿಗಳು ಭಾವಿಸಬಾರದು. 1920ರಲ್ಲಿ ವಿಯೆನ್ನಾದ ಬೇಲಾ ಶಿಕ್ ಎಂಬ ಖ್ಯಾತ ವೈದ್ಯರು, ಮುಟ್ಟಾದ ಕೆಲಸದಾಕೆ ಹಿಡಿದ ಹೂಗಳು ಬಾಡಿದವೆಂದು ಕಂಡು, ಮುಟ್ಟಿನ ವಿಷವೊಂದಿದೆ ಎಂದು ವಾದಿಸಿದರು. ಹಲವು ದಶಕ ಪ್ರಯೋಗಾಲಯಗಳು ಆ ವಿಷವನ್ನು ಹುಡುಕಿದವು. ಅಂತಹ ವಿಷ ಸಿದ್ಧಪಡಲಿಲ್ಲ.

ನನ್ನ ಮೆಣಸಿನ ಬಳ್ಳಿಗಳ ಕೊಲೆಗಾರ ಮಾತ್ರ ಸಿಕ್ಕಿದ. ಕೃಷಿ ಪದವಿಯ ದಿನಗಳಲ್ಲಿ, ಸಸ್ಯರೋಗ ಶಾಸ್ತ್ರದ ತರಗತಿಯಲ್ಲಿ, ಸೊರಗಿದ ಮೆಣಸಿನ ಬಳ್ಳಿಯ ತುಣುಕನ್ನು ನೀರಿನಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ನಿಂಬೆಯ ಆಕಾರದ ಪುಟ್ಟ ಚೀಲಗಳು. ಅವುಗಳಿಂದ ಹೊರಬಿದ್ದು ಈಜುವ ಬೀಜಾಣುಗಳು. ಫೈಟಾಫ್ತೊರಾ. ಅಡಿಕೆಯ ಕೊಳೆರೋಗವೂ ಇದೇ ಕುಲದ್ದು. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅದರ ಅಧ್ಯಯನವನ್ನು 1910ರಲ್ಲಿಯೇ ಪ್ರಕಟಿಸಿದ್ದರು. ಬುಡದಲ್ಲಿ ನೀರು ನಿಂತರೆ ಅದು ಹಬ್ಬುತ್ತದೆ. ಆಗ ನೆನಪಾಯಿತು: ಆ ವರ್ಷ ನಮ್ಮ ತೋಟದ ಬಸಿಗಾಲುವೆಯ ಹೂಳು ತೆಗೆದಿರಲಿಲ್ಲ. ತಪ್ಪು ಕಾಲುವೆಯಲ್ಲಿತ್ತು, ನನ್ನ ಬೆರಳಿನಲ್ಲಲ್ಲ.

ರಜೆಗೆ ಊರಿಗೆ ಹೋದಾಗ ಅಜ್ಜಿಗೆ ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ನನ್ನ ಕಾಲಕ್ಕೆ ಮಲ್ಲಿಗೆ ಬಳ್ಳಿ ಒಣಗಿತ್ತು. ನನ್ನಿಂದಲೇ ಅಂತ ಅತ್ತೆ ಹೇಳಿದ್ದರು” ಎಂದರು. ಅರುವತ್ತು ವರ್ಷ ಅವರು ಅದನ್ನು ನಂಬಿದ್ದರು. ನನ್ನ ಏಳು ವರ್ಷ ಅದರ ಮುಂದೆ ಏನೂ ಅಲ್ಲ. ಅದೇ ಅಜ್ಜಿ ಇನ್ನೊಂದು ಮಾತನ್ನೂ ಹೇಳಿದರು: “ಆದರೂ ಆ ಮೂರು ದಿನ ಇಲ್ಲದಿದ್ದರೆ ನಾನು ಕುಳಿತುಕೊಂಡದ್ದೇ ಇಲ್ಲ.”

ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ‘ಹೊರಗೆ ಕೂರುವುದು’ ಅನೇಕ ಹಿರಿಯ ಹೆಂಗಸರಿಗೆ ಬದುಕಿನಲ್ಲಿ ದೊರೆತ ಏಕೈಕ ಬಿಡುವಾಗಿತ್ತು. ಆ ಬಿಡುವಿಗೆ ತೆರಬೇಕಾದ ಬೆಲೆ ಮಾತ್ರ ಅವಮಾನ. ನಾಟಿ ಮಾಡುವ, ಅಡಿಕೆ ಸುಲಿಯುವ ಕೂಲಿಯ ಹೆಣ್ಣಿಗಂತೂ ಅವಮಾನವೇ ಉಂಟು, ಬಿಡುವಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ವಿಶ್ರಾಂತಿಯೂ ಸೊಪ್ಪು, ಕಾಳು, ಬೆಲ್ಲಗಳ ಆಹಾರವೂ ಅವರಿಗೆ ನಿಜವಾಗಿ ಬೇಕು. ಆದುದರಿಂದ ನಾವು ಮಾಡಬೇಕಾದುದು ಹಳೆಯದನ್ನೆಲ್ಲ ಸುಡುವುದಲ್ಲ. ವಿಶ್ರಾಂತಿಯನ್ನು ಅವಮಾನದಿಂದ ಬಿಡಿಸಿಕೊಳ್ಳುವುದು.

ಈ ನಾಡಿಗೆ ಇದು ಹೊಸ ವಿಚಾರವೂ ಅಲ್ಲ. ಹನ್ನೆರಡನೆಯ ಶತಮಾನದ ಶರಣರು ರಜಸ್ಸೂತಕವನ್ನು ಉಳಿದ ಸೂತಕಗಳೊಂದಿಗೆ ನಿರಾಕರಿಸಿದರು. ಮುಟ್ಟಾದ ಹೆಂಗಸರನ್ನು ಬಲವಂತವಾಗಿ ಊರ ಹೊರಗಿಡುವುದನ್ನು ಅಮಾನವೀಯ ಪದ್ಧತಿಗಳನ್ನು ತಡೆಯುವ 2017ರ ಕರ್ನಾಟಕ ಕಾಯಿದೆ ಅಪರಾಧವೆಂದು ಪರಿಗಣಿಸಿದೆ. ಅದು 2020ರ ಜನವರಿಯಲ್ಲಿ ಜಾರಿಗೆ ಬಂದಿತು. 2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟವು ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನಗಳ ವೇತನಸಹಿತ ಮುಟ್ಟಿನ ರಜೆಯ ನೀತಿಗೆ ಒಪ್ಪಿಗೆ ನೀಡಿತು. ಕಚೇರಿ, ಕಾರ್ಖಾನೆಗಳನ್ನು ಗಮನದಲ್ಲಿಟ್ಟ ನೀತಿಯಿದು. ನಮ್ಮ ತೋಟದ ಕೆಲಸದಾಕೆಗೆ ರಜೆ ಕೊಡಬೇಕಾದವರು ಇಲ್ಲಿ ಕುಳಿತಿರುವ ನಾವೇ.

ಕೊನೆಯದಾಗಿ ಕೆಲವು ವಿನಂತಿಗಳು. ತಾಯಂದಿರೇ, ಮಗಳು ಹತ್ತು ವರ್ಷ ದಾಟುತ್ತಲೇ ಅವಳಿಗೆ ವಿಷಯ ತಿಳಿಸಿ, ಮಗನಿಗೂ ತಿಳಿಸಿ. ಬಟ್ಟೆ ಬಳಸುವವರು ಅದನ್ನು ಚೆನ್ನಾಗಿ ತೊಳೆದು ಬಿಸಿಲಿನಲ್ಲಿ ಒಣಗಿಸಿ. ನಮ್ಮ ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಕಷ್ಟ. ನಾಚಿಕೆಯಿಂದ ಕತ್ತಲೆ ಮೂಲೆಯಲ್ಲಿ ಅಡಗಿಸಿಟ್ಟರೆ ತೇವ ಉಳಿದು ಸೋಂಕಿಗೆ ದಾರಿಯಾಗುತ್ತದೆ. ಅಡುಗೆಮನೆಯ ಒಲೆಯ ಮೇಲೆ ಅಡಿಕೆಗೂ ಜಾಗವಿದೆ, ಸೌದೆಗೂ ಜಾಗವಿದೆ, ಈ ಬಟ್ಟೆಗೂ ಇರಲಿ. ಪ್ಲಾಸ್ಟಿಕ್ ಬೆರೆತ ಪ್ಯಾಡುಗಳನ್ನು ಹಳ್ಳಕ್ಕೆ ಎಸೆಯಬೇಡಿ. ಹಾಗೆ ಎಸೆಯುವುದೂ ಯಾರೂ ನೋಡದಿರಲಿ ಎಂಬ ಅದೇ ನಾಚಿಕೆಯಿಂದಲೇ. ಶಾಲೆಗಳಲ್ಲಿ ನೀರಿರುವ, ಚಿಲಕವಿರುವ ಶೌಚಾಲಯವನ್ನು ಊರವರು ಒತ್ತಾಯಿಸಿ ಪಡೆಯಬೇಕು.

ಇಂದು ಕೆಡ್ಡಸದ ದಿನಗಳಲ್ಲಿಯೂ ಗುಡ್ಡ ಅಗೆಯುವ ಯಂತ್ರಗಳ ಸದ್ದು ಕೇಳಿಸುತ್ತದೆ. ಯಂತ್ರಕ್ಕೆ ಭೂಮಿಯ ಮುಟ್ಟು ತಿಳಿಯದು. ಭೂಮಿಗೆ ಬಿಡುವು ಕೊಡಿರೆಂದು ಕೇಳುವ ಹಕ್ಕು ನಮಗೆ ಬರಬೇಕಾದರೆ, ಮೊದಲು ಮನೆಯ ಹೆಣ್ಣಿಗೆ ಗೌರವದಿಂದ ಬಿಡುವು ಕೊಡುವವರು ನಾವಾಗಬೇಕು. ಮುಂದಿನ ಕೆಡ್ಡಸಕ್ಕೆ ಭೂಮಿಗೆ ಎಣ್ಣೆ ಇಡುವಾಗ, ಅಂದು ಮುಟ್ಟಾಗಿರುವ ಮಗಳನ್ನು ಜಗಲಿಯಿಂದ ಒಳಗೆ ಕರೆಯಿರಿ. ನನ್ಯರಿಯ ಮೊದಲ ಹಿಡಿ ಅವಳ ಕೈಗಿರಲಿ. ಮರುದಿನ ತೋಟಕ್ಕೆ ಹೋಗಿ ನೋಡಿ, ಬಳ್ಳಿ ಹಸಿರಾಗಿಯೇ ಇರುತ್ತದೆ. ಬಸಿಗಾಲುವೆಯನ್ನು ಮಾತ್ರ ಮಳೆಗೆ ಮುಂಚೆ ಬಿಡಿಸಲು ಮರೆಯಬೇಡಿ.